‘ಫೋಟೋ ತೆಗೆ’ ಅಂದರೆ ಏನು ಮಾಡಬೇಕು?

ಒಂದು ಪದ ಕೇಳಬೇಕಿತ್ತು. ಕ್ಯಾಮೆರಾದಲ್ಲಿರುವ ಫೋಟೋ ಫೋನಿಗೆ ಹಾಕಿಕೊಳ್ಳುವುದಕ್ಕೆ ನಿಮ್ಮ ಕಡೆ ಏನಂತೀರಿ? ‘ಟ್ರಾನ್ಸ್‌ಫರ್’ ಅಂತ ಹೇಳಬೇಡಿ, ಅದು ನನಗೂ ಗೊತ್ತು. ಇಷ್ಟು ತಲೆ ಕೆಡಿಸಿಕೊಳ್ಳೋಕೆ ಕಾರಣ ಇದೆ. ಒಂದು ಮಾತಿನ ಎಡವಟ್ಟಿನಿಂದ ಗವಿಮಠದ ಜಾತ್ರೆಯ ಫೋಟೋಗಳನ್ನೆಲ್ಲ ಕಳೆದುಕೊಳ್ಳುವುದರಲ್ಲಿದ್ದೆ.

ನಾನಿರುವುದು ಕೊಪ್ಪಳದಲ್ಲಿ. ತೇರಿನ ದಿನ ಹಳೇ ಡಿಜಿಟಲ್ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಸುಮಾರು ಫೋಟೋ ತೆಗೆದಿದ್ದೆ. ಮರುದಿನ ಕೆಲಸದ ಮೇಲೆ ಗಂಗಾವತಿಗೆ ಹೋದವನು ಅಲ್ಲಿಂದಲೇ ಅಕ್ಕನ ಮಗನಿಗೆ ಫೋನ್ ಹಚ್ಚಿ, ‘ಕ್ಯಾಮೆರಾದಾಗಿನ ಫೋಟೋ ಎಲ್ಲಾ ತಗದಬಿಡಪಾ, ಸಂಜಿಗೆ ಬಂದು ನೋಡ್ತೀನಿ’ ಅಂದೆ. ಸಂಜೆ ಬಂದು ನೋಡಿದರೆ ಕ್ಯಾಮೆರಾದ ಮೆಮೊರಿ ಕಾರ್ಡ್ ಖಾಲಿ.

‘ನೀವ ಹೇಳಿದ್ರಲ್ಲ ಮಾಮಾ, ಎಲ್ಲಾ ತಗದೀನಿ’ ಅಂದ.

‘ನೋಡ್ತೀನಿ ಅಂದಿದ್ನಲ್ಲೋ!’

‘ತಗದಾನೋ ಇಲ್ಲೋ ಅಂತ ನೋಡ್ತೀರಿ ಅನ್ಕೊಂಡೆ.’

ಬೈಯೋಕೆ ಬಾಯಿ ಬರಲಿಲ್ಲ. ಅವನು ಹೇಳಿದ್ದರಲ್ಲಿ ತಪ್ಪೇನಿದೆ? ನಮ್ಮ ಕಡೆ ‘ತೆಗೆ’ ಅನ್ನೋದಕ್ಕೆ ಎಷ್ಟು ಅರ್ಥ ನೋಡಿ. ಬಾಗಿಲು ತೆಗಿ ಅಂದರೆ ತೆರೆಯಬೇಕು. ಅಂಗಿ ತೆಗಿ ಅಂದರೆ ಬಿಚ್ಚಬೇಕು. ಚಿತ್ರ ತೆಗಿ ಅಂತ ಮಾಸ್ತರು ಹೇಳಿದರೆ ಬಿಡಿಸಬೇಕು, ಗೋಡೆ ಮೇಲಿನ ಚಿತ್ರ ತೆಗಿ ಅಂತ ಅವ್ವ ಹೇಳಿದರೆ ಮೊಳೆಯಿಂದ ಕೆಳಗೆ ಇಳಿಸಬೇಕು. ಸಾಲ ತೆಗೆಯೋದು, ತಪ್ಪು ತೆಗೆಯೋದು ಬೇರೆ. ಫೋಟೋ ವಿಷಯಕ್ಕೆ ಬಂದರೆ ಹೊಡೆಯೋದಕ್ಕೂ ತೆಗೆ, ಹೊರಗೆ ತೆಗೆಯೋದಕ್ಕೂ ತೆಗೆ, ಇಲ್ಲದಂತೆ ಮಾಡೋದಕ್ಕೂ ಅದೇ ತೆಗೆ.

ಆಮೇಲೆ ಯೋಚಿಸಿದಾಗ ಅನ್ನಿಸಿತು, ನನ್ನನ್ನು ಕೆಡಿಸಿದ್ದು ‘ತೆಗೆ’ ಅಲ್ಲ, ಅದರ ಬಾಲಕ್ಕಿದ್ದ ‘ಬಿಡು’. ‘ತೆಗೆದಿಡು’ ಅಂದಿದ್ದರೆ ಜೋಪಾನ ಮಾಡುತ್ತಿದ್ದ. ‘ತೆಗೆದುಕೋ’ ಅಂದಿದ್ದರೆ ತನ್ನ ಫೋನಿಗೆ ಹಾಕಿಕೊಳ್ಳುತ್ತಿದ್ದ. ‘ತೆಗೆದುಬಿಡು’ ಅಂದೆ, ತೆಗೆದೇಬಿಟ್ಟ! ಕೆಲಸ ಮುಗಿಸು ಅನ್ನೋ ಅರ್ಥದಲ್ಲಿ ನಾನು ಸೇರಿಸಿದ ‘ಬಿಡು’ ಅವನಿಗೆ ಕೈಬಿಡು ಅಂತ ಕೇಳಿಸಿತು.

ಫೋಟೋ ಏನಾಯಿತು ಅಂತ ಕೇಳೋರಿಗೆ: ಬಹುಪಾಲು ಸಿಕ್ಕವು. ಅಳಿಸಿದ ತಕ್ಷಣ ಕಾರ್ಡಿನಿಂದ ಫೋಟೋ ಹೋಗುವುದಿಲ್ಲ, ಆ ಜಾಗ ಖಾಲಿ ಅಂತ ಗುರುತು ಬೀಳುತ್ತದೆ ಅಷ್ಟೇ. ಮೇಲೆ ಹೊಸ ಫೋಟೋ ಹೊಡೆಯದಿದ್ದರೆ ಹಳೆಯದು ಅಲ್ಲೇ ಇರುತ್ತದೆ. ಕಾರ್ಡ್ ಬಿಚ್ಚಿ ಕಂಪ್ಯೂಟರಿಗೆ ಹಾಕಿ, ಫೋಟೋರೆಕ್ ಅನ್ನೋ ಉಚಿತ ತಂತ್ರಾಂಶ ಓಡಿಸಿದೆ. ಹಳೇ ಹೆಸರುಗಳು ಮಾತ್ರ ಹೋದವು, ಒಂದೊಂದಕ್ಕೂ ‘ಎಫ್’ ಅಕ್ಷರದ ಮುಂದೆ ಉದ್ದನೆಯ ನಂಬರು.

ಈಗ ಪದದ ವಿಷಯ. ದೊಡ್ಡಪ್ಪ ರಿಟೈರ್ ಆದ ಮಾಸ್ತರು, ಅವರಿಗೂ ಈ ಕ್ಯಾಮೆರಾದ ಹುಚ್ಚು ಹತ್ತಿದೆ. ಅವರಿಗಾಗಿ ಒಂದು ಚೀಟಿ ಬರೆಯಲು ಕೂತೆ. ಕಾರ್ಡ್ ಬಿಚ್ಚಿ ಕಾರ್ಡ್ ರೀಡರಿಗೆ ಹಾಕಿ, ರೀಡರನ್ನು ಫೋನಿನ ಚಾರ್ಜರ್ ತೂತಿಗೆ ಚುಚ್ಚಿ, ಫೋಟೋಗಳಿರುವ ಡಿಸಿಐಎಂ ಅನ್ನೋ ಫೋಲ್ಡರ್ ತೆರೆಯಿರಿ, ಇಲ್ಲಿವರೆಗೆ ಸಲೀಸು. (ವೈಫೈನಲ್ಲಿ ಕಳಿಸುವ ಕ್ಯಾಮೆರಾಗಳೂ ಇವೆ, ನಮ್ಮದು ಅದಕ್ಕಿಂತ ಹಳೇದು.) ಮುಂದಿನ ಸಾಲಿಗೆ ‘ಫೋಟೋಗಳನ್ನು ಫೋನಿಗೆ ವರ್ಗಾಯಿಸಿ’ ಅಂತ ಬರೆದೆ. ದೊಡ್ಡಪ್ಪ ಓದಿ ನಕ್ಕರು. ‘ನಾ ಯಲಬುರ್ಗಾದಿಂದ ಕುಷ್ಟಗಿಗೆ ವರ್ಗ ಆದ್ಮ್ಯಾಗ ಯಲಬುರ್ಗಾದಾಗೂ ಇದ್ನೇನು?’

ಸರಿಯಾದ ಮಾತು. ವರ್ಗ ಅಂದರೆ ಇಲ್ಲಿಂದ ಎದ್ದು ಅಲ್ಲಿಗೆ ಹೋಗೋದು. ಫೋಟೋ ಹಾಗಲ್ಲ, ಕಾರ್ಡಿನಲ್ಲೂ ಉಳಿಯಬೇಕು, ಫೋನಿಗೂ ಬರಬೇಕು. ಪದಕೋಶ ನೋಡಿ ‘ವರ್ಗಾಯಿಸು’ ಬರೆಯುವವರು ಇದನ್ನು ಯೋಚಿಸಿದಂತೆ ಕಾಣುವುದಿಲ್ಲ. ‘ಸಾಗಿಸು’ ಅಂದರೂ ಅದೇ ಕಥೆ, ಜೊತೆಗೆ ಲಾರಿ ನೆನಪಾಗುತ್ತದೆ. ಹುಡುಗರ ‘ಕಾಪಿ ಹೊಡಿ’ ಅರ್ಥದಲ್ಲಿ ಪಕ್ಕಾ. ಪರೀಕ್ಷೆಯಲ್ಲಿ ಕಾಪಿ ಹೊಡೆದರೆ ಮುಂದಿನ ಬೆಂಚಿನವನ ಉತ್ತರ ಏನೂ ಕಡಿಮೆಯಾಗಲ್ಲ, ಅಲ್ವಾ? ಆದರೆ ಮಾಸ್ತರಿಗೆ ಬರೆದುಕೊಡುವ ಚೀಟಿಯಲ್ಲಿ ಕಾಪಿ ಹೊಡಿ ಅಂತ ಬರೆಯೋಕೆ ನನಗೇ ಧೈರ್ಯ ಇಲ್ಲ.

ನನಗೆ ತುಂಬಾ ಹಿಡಿಸಿದ್ದು ‘ಇಳಿಸಿಕೋ’. ಇಲ್ಲಿ ಸ್ಟುಡಿಯೋದವರ ಬಾಯಲ್ಲೂ ಅದೇ ಇದೆ, ‘ಕಾರ್ಡ್ ಕೊಡ್ರಿ, ಇಳಿಸ್ಕೊಂಡು ಕೊಡ್ತೀನಿ’ ಅಂತಾರೆ. ಆದರೆ ಇದನ್ನು ಚೀಟಿಯಲ್ಲಿ ಬರೆದು ದೊಡ್ಡಪ್ಪನ ಕೈಗೆ ಕೊಡೋಕೆ ಹೆದರಿಕೆ. ಅವರ ಫೋನ್ ಕನ್ನಡದಲ್ಲಿದೆ. ಫೋಟೋ ಒತ್ತಿ ಹಿಡಿದರೆ ಬರುವ ಪದಗಳು ‘ನಕಲಿಸಿ’, ‘ಸರಿಸಿ’, ‘ಅಳಿಸಿ’. ಚೀಟಿಯಲ್ಲಿ ಇಳಿಸಿ, ಪರದೆ ಮೇಲೆ ಅಳಿಸಿ. ಇ ಮತ್ತು ಅ, ಒಂದೇ ಅಕ್ಷರದ ವ್ಯತ್ಯಾಸ. ದೊಡ್ಡಪ್ಪನಿಗೆ ಒಂದು ಕಣ್ಣಿಗೆ ಪೊರೆ ಬಂದಿದೆ.

ಇನ್ನು ‘ನಕಲಿಸಿ’. ಯಾಕೋ ಖೋಟಾ ಮಾಡು ಅಂದಂತೆ ಕೇಳುತ್ತದೆ, ‘ನಕಲಿ’ ಪಕ್ಕದಲ್ಲೇ ಕೂತಿದೆಯಲ್ಲ. ಆದರೆ ನಮ್ಮ ಕಡೆ ‘ನಕಲು’ ಅನ್ನೋದಕ್ಕೆ ಕೆಟ್ಟ ಹೆಸರಿಲ್ಲ. ಕೊಪ್ಪಳ, ರಾಯಚೂರು ಎರಡೂ ನಿಜಾಮರ ಕೈಯಲ್ಲಿದ್ದ ಸೀಮೆ, ಕಚೇರಿ ಮಾತಿನಲ್ಲಿ ಉರ್ದು ಜಾಸ್ತಿ. ಹೊಲದ ಕಾಗದದ ‘ನಕಲು ತೆಗೆಸಿಕೊಂಡು ಬಾ’ ಅಂತ ಈಗಲೂ ಹಿರಿಯರು ಹೇಳುತ್ತಾರೆ. ಅಸಲು ಕಚೇರಿಯಲ್ಲೇ ಇರುತ್ತದೆ, ನಕಲು ನಮ್ಮ ಕೈಗೆ. ತಮಾಷೆ ಅಂದರೆ ಇದರ ಮೂಲವಾದ ಅರಬ್ಬಿಯ ‘ನಕ್ಲ್’ ಪದಕ್ಕೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯುವುದು ಅನ್ನೋ ಅರ್ಥವೇ ಇದೆ. ನಾವು ಹುಡುಕುತ್ತಿರುವ ಎರಡೂ ಅರ್ಥ ಒಂದೇ ಪದದೊಳಗೆ ಮೊದಲಿನಿಂದ ಇವೆ.

‘ನಕಲು ತೆಗೆಸಿಕೊಂಡು ಬಾ’ ಅನ್ನುವಾಗ ನಕಲಿನ ಜೊತೆ ‘ತೆಗೆ’ ಸೇರಿದೆ ಅನ್ನೋದನ್ನೂ ಗಮನಿಸಿ. ಗವಿಮಠದ ಗುಡ್ಡದ ಮೇಲೆ ಅಶೋಕನ ಶಾಸನ ಇದೆ. ಶಾಸನದವರು ಬಂಡೆಗೆ ಒದ್ದೆ ಕಾಗದ ಅಂಟಿಸಿ, ಬ್ರಷ್‌ನಿಂದ ಬಡಿದು, ಮೇಲೆ ಮಸಿ ಒತ್ತಿ ‘ಪಡಿಯಚ್ಚು ತೆಗೆಯುತ್ತಾರೆ’. ಅಕ್ಷರ ಕಾಗದಕ್ಕೆ ಬರುತ್ತದೆ, ಬಂಡೆ ಇದ್ದಲ್ಲೇ ಇರುತ್ತದೆ. ಅಂದರೆ ‘ತೆಗೆ’ಗಿಂತ ಮುಂಚೆ ಅಚ್ಚು, ನಕಲು, ಪ್ರತಿ ಅಂತ ಒಂದು ಪದ ಇದ್ದರೆ ಅದೇ ‘ತೆಗೆ’ ಮೂಲವನ್ನು ಮುಟ್ಟುವುದಿಲ್ಲ. ಮುಂಚೆ ಅಂಥ ಪದ ಇಲ್ಲದೆ ಬರೀ ‘ಫೋಟೋ ತೆಗೆದುಬಿಡು’ ಅಂದರೆ ಮುಗೀತು.

ಸದ್ಯಕ್ಕೆ ಚೀಟಿಯಲ್ಲಿ ‘ಫೋಟೋಗಳ ನಕಲು ತೆಗೆದುಕೊಳ್ಳಿ, ಫೋನಿನಲ್ಲಿ ನಕಲಿಸಿ ಅಂತ ಇರುವುದನ್ನು ಒತ್ತಿ’ ಅಂತ ಬರೆದಿದ್ದೇನೆ. ಸ್ವಲ್ಪ ಉದ್ದವಾಯಿತು. ಬಳ್ಳಾರಿ, ರಾಯಚೂರಿನವರು ಇದಕ್ಕಿಂತ ಸಣ್ಣದಾಗಿ ಏನಂತೀರಿ ಹೇಳಿ. ಬ್ಲೂಟೂತ್ ಕಾಲದಲ್ಲಿ ‘ಕಳಿಸು’ ಅನ್ನೋದಕ್ಕೆ ಹೇಳುತ್ತಿದ್ದ ‘ಬಿಡು’ ಮಾತ್ರ ಬೇಡ, ಅದರ ರುಚಿ ನೋಡಿಯಾಗಿದೆ. ಭಾನುವಾರ ದೊಡ್ಡಪ್ಪ ಕ್ಯಾಮೆರಾ ತಗೊಂಡು ಇಟಗಿಯ ಮಹಾದೇವ ದೇವಾಲಯಕ್ಕೆ ಹೊರಟಿದ್ದಾರೆ, ಅಷ್ಟರೊಳಗೆ ಚೀಟಿ ತಿದ್ದಿ ಕೊಡಬೇಕು.