ಬಿದ್ದ ಕೋನ್ ಎತ್ತುವವರು ಯಾರು?

"ಥೇಟ್ ನಿಜದ ಹಾಗೇ ಇದೆ, ಶಾಮಣ್ಣ," ಎಂದ ವಾಸು. ಆ ಸಂಜೆ ಅವನು ಹಾಗೆಂದದ್ದು ಎಷ್ಟನೆಯ ಸಲವೋ. ಏಳರ ನಂತರ ನಾನು ಎಣಿಸುವುದನ್ನು ಬಿಟ್ಟಿದ್ದೆ.

"ಯಾವುದರ ಹಾಗೆ?"

"ನಿಜವಾದ ರೇಸ್ ಕಾರಿನ ಹಾಗೆ."

"ನಿಜವಾದ ರೇಸ್ ಕಾರಿನಲ್ಲಿ ನೀನು ಕುಳಿತದ್ದು ಯಾವಾಗ?"

"ಕುಳಿತಿಲ್ಲ. ಆದರೆ ಎಲ್ಲರೂ ಹಾಗೆಂದೇ ಹೇಳುತ್ತಾರೆ."

"ಸ್ವರ್ಗದ ಬಗ್ಗೆಯೂ ಎಲ್ಲರೂ ಹೇಳುತ್ತಾರೆ," ಎಂದು ಶಾಮಣ್ಣ ಕುರ್ಚಿ ಎಳೆದುಕೊಂಡರು. "ಹೋಗಿ ಬಂದವರು ಮಾತ್ರ ಇದುವರೆಗೆ ಸಿಕ್ಕಿಲ್ಲ."

ವಾಸುವಿನ ಮನೆಯಲ್ಲಿ ನೆಂಟರಿಗೆಂದು ಇದ್ದ ಕೋಣೆಗೆ ಈಗ ನೆಂಟರು ಬರುವಂತಿಲ್ಲ. ಅಲ್ಲಿ ರೇಸಿಂಗ್ ಸಿಮ್ಯುಲೇಟರ್ ಇದೆ, ಅಂದರೆ ಕುಳಿತಲ್ಲೇ ಕಂಪ್ಯೂಟರಿನಲ್ಲಿ ರೇಸ್ ಕಾರು ಓಡಿಸುವ ಆಟದ ಯಂತ್ರ. ನಡುವೆ ಅಲ್ಯೂಮಿನಿಯಂ ಚೌಕಟ್ಟಿಗೆ ಬೋಲ್ಟ್ ಹಾಕಿ ಕೂರಿಸಿದ ಸೀಟು, ಎದುರಿಗೆ ಮೂರು ಪರದೆ, ಕಾಲ ಬಳಿ ಮೂರು ಪೆಡಲು, ಎಂಜಿನ್ನಿನ ನಡುಕವನ್ನು ಬೆನ್ನುಮೂಳೆಗೆ ಮುಟ್ಟಿಸಲು ಸೀಟಿನಡಿ ಒಂದು ಯಂತ್ರ, ವೇಗ ಏರಿದಂತೆ ಜೋರಾಗಿ ಬೀಸಲು ಎರಡು ಫ್ಯಾನು. ಅಷ್ಟು ದುಡ್ಡಿಗೆ ಹಳೆಯದೊಂದು ಕಾರೇ ಬರುತ್ತಿತ್ತು ಎಂದು ನಾನು ಹಿಂದೊಮ್ಮೆ ಹೇಳಿ ಒಂದು ವಾರ ಮಾತು ಕಳೆದುಕೊಂಡಿದ್ದೆ. ಈ ಸಲ ಬಾಯಿ ಮುಚ್ಚಿಕೊಂಡಿದ್ದೆ.

ವಾಸು ಕೈಗವಸು ಹಾಕಿಕೊಂಡ. ತೆಳು ಅಟ್ಟೆಯ ರೇಸಿಂಗ್ ಬೂಟಿನ ದಾರ ಬಿಗಿದ.

"ಕಾರನ್ನು ಚಪ್ಪಲಿಯಲ್ಲಿ ಓಡಿಸುತ್ತಾನೆ, ಕುರ್ಚಿಯನ್ನು ಬೂಟು ಹಾಕಿಕೊಂಡು ಓಡಿಸುತ್ತಾನೆ," ಎಂದರು ಶಾಮಣ್ಣ.

"ಬ್ರೇಕಿಗೆ ಬೇಕು. ಇದು ಲೋಡ್ ಸೆಲ್ ಪೆಡಲ್. ಪೆಡಲ್ ಎಷ್ಟು ಕೆಳಗೆ ಹೋಯಿತು ಎನ್ನುವುದನ್ನಲ್ಲ, ಕಾಲು ಎಷ್ಟು ಬಲವಾಗಿ ಒತ್ತಿತು ಎನ್ನುವುದನ್ನು ಅಳೆಯುತ್ತದೆ."

"ಅದು ಸರಿಯಾಗಿಯೇ ಇದೆ," ಎಂದಳು ಗೀತಾ. ನಮ್ಮಲ್ಲಿ ವರ್ಷಕ್ಕೆ ಎರಡು ಮೂರು ಬಾರಿ ಟ್ರ್ಯಾಕ್ ಡೇಗೆ, ಎಂದರೆ ಹವ್ಯಾಸಿಗಳು ರೇಸ್ ಟ್ರ್ಯಾಕಿನಲ್ಲಿ ಕಾರು ಓಡಿಸುವ ದಿನಕ್ಕೆ, ಹೋಗಿ ಹೆಲ್ಮೆಟ್ ಹಾಕಿಕೊಂಡು ಬೆವರಿ ಬರುವವಳು ಅವಳೊಬ್ಬಳೇ. "ನಿಜವಾದ ಕಾರಿನಲ್ಲೂ ಕಾಲಿಗೆ ನೆನಪಿರುವುದು ಒತ್ತಡವೇ ಹೊರತು ದೂರವಲ್ಲ."

"ಟ್ರ್ಯಾಕ್ ಕೂಡ ಹಾಗೆಯೇ," ಎಂದು ವಾಸುವಿಗೆ ಹುರುಪು ಬಂತು. "ಲೇಸರ್ ಹಾಯಿಸಿ ಅಳೆದಿದ್ದಾರೆ. ಎಲ್ಲಿ ಉಬ್ಬಿದೆ, ಎಲ್ಲಿ ತಗ್ಗಿದೆ, ಅಂಚಿನ ಕಟ್ಟೆ ಎಷ್ಟು ಎತ್ತರ, ಎಲ್ಲವೂ ಇದೆ."

"ಟೈರು?" ಎಂದರು ಮೇಷ್ಟ್ರು. ಮೇಷ್ಟ್ರಿಗೆ ಕಾರು ಓಡಿಸಲು ಬರುವುದಿಲ್ಲ. ಆದ್ದರಿಂದ ಪ್ರಶ್ನೆಗಳು ಸರಿಯಾದ ಜಾಗದಲ್ಲಿ ಬೀಳುತ್ತವೆ.

ಗೀತಾ ವಿವರಿಸಿದಳು. ಇದರಲ್ಲಿ ಎಲ್ಲಕ್ಕಿಂತ ಕಷ್ಟದ್ದು ಟೈರಂತೆ. ಅದು ಬಿಸಿಯಾಗುತ್ತದೆ, ಒಳಗಿನ ಗಾಳಿಯ ಒತ್ತಡ ಏರುತ್ತದೆ, ಹಿಗ್ಗುತ್ತದೆ, ತಿರುಚಿಕೊಳ್ಳುತ್ತದೆ, ಸ್ವಲ್ಪ ಜಾರುವಾಗಲೇ ಹೆಚ್ಚು ಹಿಡಿಯುತ್ತದೆ, ಇನ್ನೂ ಸ್ವಲ್ಪ ಜಾರಿದರೆ ಕೈಬಿಡುತ್ತದೆ. ಡೆಲ್ಫ್ಟ್‌ನ ಪ್ರಾಧ್ಯಾಪಕ ಹಾನ್ಸ್ ಪಾಚೆಯ್ಕಾ ಅಳತೆಗಳಿಗೆಲ್ಲ ಹೊಂದಿಕೊಳ್ಳುವ ಒಂದು ಸಮೀಕರಣ ಕಟ್ಟಿದರು. ಅದಕ್ಕೆ ಭೌತಶಾಸ್ತ್ರದ ಬುಡ ಅಷ್ಟಾಗಿ ಇಲ್ಲ, ಆದರೆ ಉತ್ತರ ಸರಿಯಾಗಿ ಬರುತ್ತದೆ. ಹಾಗಾಗಿ ಅದಕ್ಕೆ ಮ್ಯಾಜಿಕ್ ಫಾರ್ಮುಲಾ ಎಂದೇ ಹೆಸರು.

"ಲೇಸರ್ ಆಯಿತು, ಕಂಪ್ಯೂಟರ್ ಆಯಿತು," ಎಂದರು ಶಾಮಣ್ಣ. "ರಬ್ಬರಿನ ವಿಷಯ ಬಂದಾಗ ಕೊನೆಗೂ ಮಂತ್ರವಾದಿಯ ಮನೆಗೇ ಹೋದರು ಎನ್ನು."

ವಾಸು ಆ ಹೊತ್ತಿಗೆ ರೇಸಿಗೆ ಸೇರಿಕೊಂಡಿದ್ದ. ಮೂರು ಪರದೆಯ ತುಂಬ ಇಪ್ಪತ್ತನಾಲ್ಕು ಕಾರುಗಳು. ದೀಪ ಆರಿತು, ಫ್ಯಾನು ಬೀಸಿತು, ಸೀಟು ಗಡಗಡ ನಡುಗಿತು. ಮೊದಲನೆಯ ತಿರುವಿನಲ್ಲಿ ಇಪ್ಪತ್ತನಾಲ್ಕರಲ್ಲಿ ಹದಿನೈದು ಒಂದರ ಮೇಲೊಂದು ಏರಿದವು. ವಾಸು ಹದಿನಾರನೆಯವನಾಗಿ ಹೋಗಿ ರಾಶಿಗೆ ಸೇರಿದ.

"ನೆಟ್‌ಕೋಡ್," ಎಂದ.

"ಹಾಗೆಂದರೆ?" ಎಂದರು ಮೇಷ್ಟ್ರು.

"ಇಂಟರ್ನೆಟ್ಟಿನ ವಿಳಂಬ. ನಾನು ಅವನಿಗೆ ಗುದ್ದಲೇ ಇಲ್ಲ. ಗುದ್ದಿದೆ ಎಂದು ಸರ್ವರ್ ತಿಳಿದುಕೊಂಡಿತು."

"ಕುಣಿಯಲಾರದವಳು ನೆಲ ಡೊಂಕು ಎಂದಳಂತೆ," ಎಂದರು ಶಾಮಣ್ಣ. "ಪಾಪ, ಅವಳ ಕಾಲಕ್ಕೆ ಸರ್ವರ್ ಇರಲಿಲ್ಲ."

ವಾಸು ಒಂದು ಬಟನ್ ಒತ್ತಿದ. ನುಜ್ಜುಗುಜ್ಜಾಗಿದ್ದ ಕಾರು ಮರುಕ್ಷಣ ಪಿಟ್‌ನಲ್ಲಿ ಮದುಮಗನಂತೆ ಫಳಫಳ ಹೊಳೆಯುತ್ತ ನಿಂತಿತು. ಶಾಮಣ್ಣ ಅದನ್ನೇ ಒಂದು ಗಳಿಗೆ ನೋಡಿದರು.

"ಈ ಬಟನ್ ಮಾತ್ರ ನನ್ನ ಕಾರಿಗೆ ಇರಲಿಲ್ಲ."

"ಹಾಗೆ ತಳ್ಳಿಹಾಕಬೇಡಿ," ಎಂದು ವಾಸು ತಿರುಗಿ ಕುಳಿತ. "ಜಾನ್ ಮಾರ್ಡನ್‌ಬರೋ ಗೊತ್ತಲ್ಲ? ಇದೇ ಥರ ಆಡುತ್ತಿದ್ದ ಹುಡುಗ. 2011ರಲ್ಲಿ ಜಿಟಿ ಅಕಾಡೆಮಿ ಗೆದ್ದ, ವಿಡಿಯೋ ಗೇಮ್ ಆಡುವವರಿಂದ ರೇಸ್ ಚಾಲಕರನ್ನು ಆರಿಸುತ್ತಿದ್ದ ಸ್ಪರ್ಧೆ. 2013ರಲ್ಲಿ ಫ್ರಾನ್ಸಿನ ಲೆ ಮಾನ್ 24 ಗಂಟೆ ರೇಸಿನಲ್ಲಿ ಅವನ ತಂಡ ತನ್ನ ವರ್ಗದಲ್ಲಿ ಮೂರನೆಯ ಸ್ಥಾನಕ್ಕೆ ಬಂತು. ಆಟದಿಂದ ನೇರ ಲೆ ಮಾನ್‌ಗೆ!"

"ನಿನಗೂ ಅವನಿಗೂ ಒಂದೇ ವ್ಯತ್ಯಾಸ. ಅವನು ನಡುವೆ ಒಮ್ಮೆ ಸೀಟಿನಿಂದ ಎದ್ದು ಬಾಗಿಲು ತೆರೆದು ಹೊರಗೆ ಬಂದ."

ಗೀತಾ ನಗುತ್ತ ಡೇನಿಯಲ್ ಆಬ್ಟ್‌ನ ಕಥೆ ತೆಗೆದಳು. 2020ರಲ್ಲಿ ಕೊರೋನಾದಿಂದ ರೇಸುಗಳೆಲ್ಲ ನಿಂತು ನಿಜವಾದ ಚಾಲಕರೂ ಮನೆಯಲ್ಲೇ ಕುಳಿತು ಸಿಮ್ಯುಲೇಟರ್‌ನಲ್ಲಿ ಸ್ಪರ್ಧಿಸಿದ ಕಾಲ. ವಿದ್ಯುತ್ ಕಾರುಗಳ ರೇಸಾದ ಫಾರ್ಮುಲಾ ಇಯ ಚಾಲಕ ಆಬ್ಟ್ ತನ್ನ ಜಾಗದಲ್ಲಿ ಗುಟ್ಟಾಗಿ ಒಬ್ಬ ವೃತ್ತಿನಿರತ ಸಿಮ್ ಆಟಗಾರನನ್ನು ಕೂರಿಸಿದ. ಆಟಗಾರ ಮೂರನೆಯ ಸ್ಥಾನಕ್ಕೆ ಬಂದ, ಎಲ್ಲರಿಗೂ ಅನುಮಾನ ಬಂತು. ಅನರ್ಹತೆ, ದಾನಕ್ಕೆಂದು 10,000 ಯೂರೋ ದಂಡ, ಕೊನೆಗೆ ಆಡಿ ತಂಡದಿಂದ ಅಮಾನತು.

"ಮನೆಯಲ್ಲಿ ಕುಳಿತು ಮಾಡುವ ಕೆಲಸಕ್ಕೂ ಬದಲಿ ಆಳು!" ಶಾಮಣ್ಣನಿಗೆ ಹಬ್ಬವಾಯಿತು. "ನೋಡು ವಾಸು, ರೇಸು ಸುಳ್ಳು, ಕಾರು ಸುಳ್ಳು, ಚಾಲಕನೂ ಸುಳ್ಳು. ಕೆಲಸ ಹೋದದ್ದು ಮಾತ್ರ ಥೇಟ್ ನಿಜದ ಹಾಗೆ."

ಇಷ್ಟಕ್ಕೆ ಮಾತು ಮುಗಿಯಬೇಕಿತ್ತು. ಆದರೆ ಶಾಮಣ್ಣ ಕುರ್ಚಿಯನ್ನು ಇನ್ನೂ ಮುಂದಕ್ಕೆ ಎಳೆದುಕೊಂಡರು. ಅವರು ಕುರ್ಚಿ ಎರಡು ಸಲ ಎಳೆದರೆ ಒಂದು ಯೋಜನೆ ಹುಟ್ಟಿದೆ ಎಂದರ್ಥ.

"ನಿನಗೆ ನಿಜವೇ ಬೇಕಲ್ಲವೇ? ಹವ್ಯಾಸಿ ರೇಸಿಂಗ್ ಎಂದರೆ ಏನೆಂದು ಹೇಳುತ್ತೇನೆ, ಅದನ್ನು ಸಿಮ್ಯುಲೇಟರ್‌ಗೆ ಹಾಕಿಸು. ಆಟೋಕ್ರಾಸ್ ತೆಗೆದುಕೊ. ದೊಡ್ಡ ಬಯಲು, ಕೋನ್ ಇಟ್ಟು ಮಾಡಿದ ದಾರಿ, ಒಂದು ಸಲಕ್ಕೆ ಒಂದೇ ಕಾರು, ಎದುರಾಳಿ ಗಡಿಯಾರ. ಬೆಳಕು ಹರಿಯುವ ಮುಂಚೆ ಏಳಬೇಕು. ಡಿಕ್ಕಿಯಲ್ಲಿರುವುದೆಲ್ಲ ಇಳಿಸಬೇಕು, ಸೀಟಿನಡಿ ಉರುಳುವ ನೀರಿನ ಬಾಟಲಿಯನ್ನೂ. ತಪಾಸಣೆಯ ಸಾಲಿನಲ್ಲಿ ನಿಲ್ಲಬೇಕು. ಬ್ಯಾಟರಿ ಅಲ್ಲಾಡುತ್ತದೆಯೇ ಎಂದು ಒಬ್ಬರು ಅಲ್ಲಾಡಿಸಿ ನೋಡುತ್ತಾರೆ. ಅಲ್ಲಿಯವರೆಗೆ ಅಲ್ಲಾಡದಿದ್ದದ್ದು ಆಗ ಅಲ್ಲಾಡುತ್ತದೆ. ಆಮೇಲೆ ದಾರಿಯನ್ನು ನಡೆದು ನೋಡಬೇಕು, ಮೂರು ಸಲ, ಯಾವ ಕೋನ್ ಆದ ಮೇಲೆ ಯಾವ ಕೋನ್ ಎಂದು ಬಾಯಿಪಾಠ ಮಾಡುತ್ತ."

"ಓಡಿಸುವುದು?"

"ಒಂದು ಓಟ ಹೆಚ್ಚು ಕಡಿಮೆ ಒಂದು ನಿಮಿಷ. ದಿನಕ್ಕೆ ನಾಲ್ಕೈದು ಓಟ."

"ಇಡೀ ದಿನಕ್ಕೆ ಐದು ನಿಮಿಷವೇ?" ಮೇಷ್ಟ್ರು ಕನ್ನಡಕ ತೆಗೆದರು. "ಉಳಿದ ಹೊತ್ತು?"

"ಉಳಿದ ಹೊತ್ತು ಬೇರೆಯವರು ಬೀಳಿಸಿದ ಕೋನ್ ಎತ್ತುವುದು."

ಇದು ತಮಾಷೆಯಲ್ಲ ಎಂದು ಗೀತಾ ಸಾಕ್ಷಿ ಹೇಳಿದಳು. ಸ್ಪರ್ಧಿಗಳಲ್ಲೇ ಗುಂಪು ಮಾಡುತ್ತಾರೆ. ಒಂದು ಗುಂಪು ಓಡಿಸುವಾಗ ಇನ್ನೊಂದು ಬಯಲಿನಲ್ಲಿ ಕಾಯುತ್ತದೆ. ಕೋನ್ ಬಿದ್ದರೆ ಓಡಿಹೋಗಿ ಎತ್ತಿಟ್ಟು ಮುಂದಿನ ಕಾರು ಬರುವಷ್ಟರಲ್ಲಿ ವಾಪಸು ಬರಬೇಕು. ಬಿದ್ದ ಒಂದೊಂದು ಕೋನಿಗೂ ಸಾಮಾನ್ಯವಾಗಿ ಎರಡು ಸೆಕೆಂಡು ದಂಡ.

"ಬಿದ್ದದ್ದು ಎಂದು ಯಾವಾಗ ಹೇಳುತ್ತಾರೆ?" ಎಂದರು ಮೇಷ್ಟ್ರು. ವ್ಯಾಖ್ಯಾನ ಕೇಳದೆ ಅವರು ಯಾವ ವಿಷಯವನ್ನೂ ಬಿಟ್ಟವರಲ್ಲ.

"ಕೋನಿನ ಬುಡದ ಸುತ್ತ ನೆಲದ ಮೇಲೆ ಗೆರೆ ಎಳೆದಿರುತ್ತಾರೆ. ಕಾರು ತಗಲಿ ಕೋನ್ ಸರಿದರೂ, ನೆಟ್ಟಗೆ ನಿಂತಿದ್ದು, ಅಂಚಾದರೂ ಗೆರೆಯೊಳಗೆ ಇದ್ದರೆ ದಂಡವಿಲ್ಲ. ಪೂರ್ತಿ ಆಚೆ ಹೋದರೆ ದಂಡ. ಅಡ್ಡ ಬಿದ್ದರೆ ಎಲ್ಲಿ ಬಿದ್ದರೂ ದಂಡ."

"ಬಹಳ ಒಳ್ಳೆಯ ನಿಯಮ," ಎಂದು ಮೇಷ್ಟ್ರು ಕಣ್ಣು ಮುಚ್ಚಿದರು. ನಾವು ಐದು ನಿಮಿಷ ಗೆರೆಯ ಮೇಲೆಯೇ ನಿಂತ ಕೋನಿನ ಬಗ್ಗೆ ಚರ್ಚಿಸಿದೆವು. ಗೆರೆಯ ದಪ್ಪ ಒಳಗೋ ಹೊರಗೋ ಎಂಬಲ್ಲಿ ಸಿಕ್ಕಿಕೊಂಡೆವು. ಅದನ್ನು ಇಲ್ಲಿ ಬರೆಯುವುದಿಲ್ಲ, ಇನ್ನೂ ತೀರ್ಮಾನವಾಗಿಲ್ಲ.

"ಆದ್ದರಿಂದ ನನ್ನ ಯೋಜನೆ," ಎಂದರು ಶಾಮಣ್ಣ, "ಕೋನ್ ಎತ್ತುವ ಸಿಮ್ಯುಲೇಟರ್. ಸೀಟು ಬೇಡ, ನಿಂತೇ ಆಡಬೇಕು. ಫ್ಯಾನಿನ ಬದಲು ಹೀಟರು. ಬಗ್ಗಿದಾಗ ಸೊಂಟ ಹಿಡಿಯುವ ಫೋರ್ಸ್ ಫೀಡ್‌ಬ್ಯಾಕ್. ಕೈಯಲ್ಲಿ ವಾಕಿಟಾಕಿ, 'ಕೆಂಪು ಕಾರು, ಒಂದು ಕೋನ್' ಎಂದು ವರದಿ ಒಪ್ಪಿಸಬೇಕು. ಕೆಂಪು ಕಾರಿನವನು ಸಂಜೆ ಬಂದು ಜಗಳವಾಡುವುದು ಎರಡನೆಯ ಹಂತ."

"ಅದನ್ನು ಯಾರು ಕೊಳ್ಳುತ್ತಾರೆ?"

"ಲಾರಿ ಓಡಿಸುವ ಸಿಮ್ಯುಲೇಟರ್ ಇದೆಯಲ್ಲ, ಹೊಲ ಉಳುವುದು ಇದೆಯಲ್ಲ, ನೀರು ಚಿಮ್ಮಿಸಿ ಗೋಡೆ ತೊಳೆಯುವುದೂ ಇದೆಯಲ್ಲ. ಅವನ್ನು ಯಾರು ಕೊಂಡರು?"

ವಾಸು ಮಾತಾಡಲಿಲ್ಲ. ಮೂರೂ ಅವನ ಬಳಿ ಇದ್ದವು.

ಗೀತಾಗೆ ವಾಸುವಿನ ಮೇಲೆ ಕನಿಕರ ಬಂದಿರಬೇಕು. "ಪೂರ್ತಿ ಸುಳ್ಳೂ ಅಲ್ಲ ಶಾಮಣ್ಣ. ಹೊಸ ಟ್ರ್ಯಾಕಿಗೆ ಹೋಗುವ ಮುಂಚೆ ನಾನೂ ಇದರಲ್ಲಿ ಹತ್ತಿಪ್ಪತ್ತು ಲ್ಯಾಪ್ ಓಡಿಸಿ ನೋಡುತ್ತೇನೆ. ಜರ್ಮನಿಯ ನೂರ್ಬರ್ಗ್‌ರಿಂಗ್‌ನ ನಾರ್ಡ್‌ಶ್ಲೈಫೆ ಟ್ರ್ಯಾಕಿನಂಥದ್ದು 20.8 ಕಿಲೋಮೀಟರ್. ದಿಬ್ಬ ಹತ್ತಿದ ಮೇಲೆ ದಾರಿ ಎಡಕ್ಕೋ ಬಲಕ್ಕೋ ಎನ್ನುವುದು ಮೊದಲೇ ಗೊತ್ತಿದ್ದರೆ ಒಳ್ಳೆಯದು. ದಾರಿ ಇದು ಕಲಿಸುತ್ತದೆ. ಕಾರಿನ ಹಿಂಭಾಗ ಜಾರುತ್ತಿದೆ ಎಂದು ಮೊದಲು ತಿಳಿಯುವುದು ಮಾತ್ರ ಸೊಂಟಕ್ಕೆ, ಕಣ್ಣಿಗೆ ಆಮೇಲೆ. ಇಲ್ಲಿ ಸೊಂಟಕ್ಕೆ ಸುದ್ದಿಯೇ ಬರುವುದಿಲ್ಲ."

"ಹೊಟ್ಟೆಗೂ," ಎಂದರು ಶಾಮಣ್ಣ. ಸ್ವಲ್ಪ ಹೊತ್ತು ಸುಮ್ಮನಿದ್ದು ಬೆಲ್ಜಿಯಂನ ರೇಸ್ ಚಾಲಕ ಜಾಕಿ ಇಕ್ಸ್‌ನ ಕಥೆ ಹೇಳಿದರು. ನಮಗೆಲ್ಲ ಗೊತ್ತಿರುವ ಕಥೆಯೇ, ಆದರೂ ಅವರು ಹೇಳುವಾಗ ಯಾರೂ ತಡೆಯುವುದಿಲ್ಲ. ಆಗ ಲೆ ಮಾನ್‌ನಲ್ಲಿ ಚಾಲಕರು ಟ್ರ್ಯಾಕಿನ ಒಂದು ಬದಿ, ಕಾರುಗಳು ಇನ್ನೊಂದು ಬದಿ. ಬಾವುಟ ಬಿದ್ದೊಡನೆ ಓಡಿಹೋಗಿ ಕಾರು ಹತ್ತಬೇಕು. ಅವಸರದಲ್ಲಿ ಬೆಲ್ಟ್ ಕಟ್ಟಿಕೊಳ್ಳಲು ಯಾರಿಗೆ ಪುರಸೊತ್ತು? 1969ರಲ್ಲಿ ಎಲ್ಲರೂ ಓಡಿದಾಗ ಇಕ್ಸ್ ಮಾತ್ರ ನಡೆದುಕೊಂಡು ಹೋದ. ನಿಧಾನವಾಗಿ ಬೆಲ್ಟ್ ಬಿಗಿದುಕೊಂಡ. ಎಲ್ಲರಿಗಿಂತ ಕೊನೆಯಲ್ಲಿ ಹೊರಟ. ಇಪ್ಪತ್ತನಾಲ್ಕು ಗಂಟೆಗಳ ನಂತರ ಗೆದ್ದವನು ಅವನೇ, ನೂರಿಪ್ಪತ್ತು ಮೀಟರಿನಷ್ಟು ಅಂತರದಲ್ಲಿ.

"ಅದೇ ರೇಸಿನ ಮೊದಲ ಲ್ಯಾಪಿನಲ್ಲಿ ಜಾನ್ ವುಲ್ಫ್ ಎಂಬವನು ಅಪಘಾತದಲ್ಲಿ ಸತ್ತ," ಎಂದರು. "ನಮ್ಮ ಹಾಗೆ ಹವ್ಯಾಸಿ. ಕಾರು ಅವನದೇ."

ಫ್ಯಾನು ಇನ್ನೂ ತಿರುಗುತ್ತಿತ್ತು. ವಾಸು ಅದನ್ನು ಆರಿಸಿದ.

"ನಿಮ್ಮ ಕಾರು ಯಾವುದಿತ್ತು, ಶಾಮಣ್ಣ?"

"ನೀನು ಸೋಮವಾರ ಫೆರಾರಿ, ಮಂಗಳವಾರ ಪೋರ್ಷೆ ಓಡಿಸುವವನು, ನಿನಗೆ ನಗು ಬರುತ್ತದೆ. ಮೊದಲ ತಲೆಮಾರಿನ ಮಜ್ದಾ ಎಂಎಕ್ಸ್-5. 1.6 ಲೀಟರ್ ಎಂಜಿನ್ನು, ಒಂದು ಟನ್ನಿಗಿಂತ ಕಡಿಮೆ ತೂಕ, ಎರಡೇ ಸೀಟು. ಗೋಪಿ, ನಾನು ಇಬ್ಬರೂ ಅದನ್ನೇ ಓಡಿಸುತ್ತಿದ್ದೆವು. ಅವನ ಓಟ ಮುಗಿದ ಮೇಲೆ ಸೀಟು ಮುಂದಕ್ಕೆ ಎಳೆದು ನಾನು. ಅವನ ಕಾಲು ಉದ್ದ."

"ಮಾರಿದ್ದು ಯಾಕೆ?"

"ಎರಡು ಸೀಟಿನ ಕಾರು, ಮನೆಯಲ್ಲಿ ನಾಲ್ಕು ಜನ. ಲೆಕ್ಕ ಮ್ಯಾಜಿಕ್ ಫಾರ್ಮುಲಾ ಅಲ್ಲವಲ್ಲ." ಆಮೇಲೆ ಮೂಲೆಯ ಕಡೆ ನೋಡುತ್ತ ಹೇಳಿದರು: "ಬೇರೆ ಬೇರೆ ಕಾರು ತಂದ ದಿನ ನಾನು ಓಡಿಸುವಾಗ ಗೋಪಿ ಕೊನೆಯ ತಿರುವಿನಲ್ಲಿ ನಿಲ್ಲುತ್ತಿದ್ದ. ಎಷ್ಟು ಕೋನ್ ಬಿತ್ತೋ ಅಷ್ಟು ಬೆರಳು ಎತ್ತಿ ತೋರಿಸುತ್ತಿದ್ದ. ಬೀಳದಿದ್ದರೂ ಒಂದು ಬೆರಳು ಎತ್ತಿ ಹೆದರಿಸುತ್ತಿದ್ದ, ಬದ್ಮಾಶ್."

ಗೋಪಿ ಈಗ ಎಲ್ಲಿ ಎಂದು ವಾಸು ಕೇಳಲು ಹೊರಟಿದ್ದ. ಗೀತಾ ಅವನ ಬೂಟಿಗೆ ತನ್ನ ಕಾಲು ತಾಗಿಸಿದಳು. ತೆಳು ಅಟ್ಟೆಯ ಬೂಟಾದ್ದರಿಂದ ಸಂದೇಶ ಬೇಗ ಮುಟ್ಟಿತು.

ಅವನು ಎದ್ದು ಸೀಟು ಬಿಟ್ಟುಕೊಟ್ಟ. "ಆಟೋಕ್ರಾಸ್ ಇದರಲ್ಲೂ ಇದೆ. ನಿಮ್ಮ ಕಾರೂ ಇದೆ. ಒಂದೇ ಒಂದು ಸಲ."

"ಬೇಡ ಮಾರಾಯ" ಎನ್ನುತ್ತಲೇ ಶಾಮಣ್ಣ ಚಪ್ಪಲಿ ಬಿಟ್ಟು, ಸೀಟನ್ನು ಮುಂದಕ್ಕೆ ಎಳೆದು ಕುಳಿತರು. ಬೆಲ್ಟಿಗಾಗಿ ಕೈ ಹಿಂದಕ್ಕೆ ಹೋಯಿತು. ಬೆಲ್ಟ್ ಇರಲಿಲ್ಲ. ಪರದೆಯ ಮೇಲೆ ಬಯಲು, ಕಿತ್ತಳೆ ಬಣ್ಣದ ಸಾಲು.

ಹೊರಟರು. ಚೆನ್ನಾಗಿಯೇ ಓಡಿಸಿದರು, ನನಗೆ ಆಶ್ಚರ್ಯವಾಯಿತು. ಸೊಂಟಕ್ಕೆ ಸುದ್ದಿ ಬರದಿದ್ದರೂ ಭುಜ ತಿರುವಿಗೆ ಮುಂಚೆಯೇ ವಾಲುತ್ತಿತ್ತು. ಕೊನೆಯ ತಿರುವಿನಲ್ಲಿ ಹಿಂದಿನ ಚಕ್ರ ಒಂದು ಕೋನಿಗೆ ತಗಲಿತು. ಮುಕ್ತಾಯದ ಗೆರೆ ದಾಟಿ ಕಾರು ನಿಂತಿತು. ಶಾಮಣ್ಣ ಪರದೆಯಲ್ಲಿನ ಸಮಯ ನೋಡಲಿಲ್ಲ. ಕತ್ತು ತಿರುಗಿಸಿ ಎಡಭುಜದ ಮೇಲಿಂದ ಹಿಂದಕ್ಕೆ ನೋಡಿದರು. ಅಲ್ಲಿ ವಾಸುವಿನ ಮಡಿಸದ ಬಟ್ಟೆಯ ರಾಶಿ ಇತ್ತು.

"ಕೋನನ್ನು ಎತ್ತಬೇಕಿಲ್ಲ ಶಾಮಣ್ಣ," ಎಂದ ವಾಸು ಮೆಲ್ಲಗೆ. "ಮುಂದಿನ ಓಟಕ್ಕೆ ಅದೇ ಎದ್ದು ನಿಲ್ಲುತ್ತದೆ."

"ತಾನಾಗಿಯೇ?"

"ತಾನಾಗಿಯೇ."

ಯಾರೂ ಮಾತಾಡಲಿಲ್ಲ. ಆಗ ಮೇಷ್ಟ್ರು ಕುರ್ಚಿಯಿಂದ ಎದ್ದರು. ಬಟ್ಟೆಯ ರಾಶಿಯ ಪಕ್ಕ ಹೋಗಿ ನಿಂತು, ತರಗತಿಯಲ್ಲಿ ನಿಲ್ಲುವ ಹಾಗೆ ನೆಟ್ಟಗಾಗಿ, ಒಂದು ಬೆರಳನ್ನು ಮೇಲೆತ್ತಿದರು.

"ಒಂದು ಕೋನ್. ಎರಡು ಸೆಕೆಂಡು."

ಶಾಮಣ್ಣ ಸೀಟಿನಲ್ಲೇ ಪೂರ್ತಿ ತಿರುಗಿದರು. "ಏನು ಮೇಷ್ಟ್ರೇ, ಕಣ್ಣು ಕಾಣಿಸುವುದಿಲ್ಲವೇ ನಿಮಗೆ? ಅದು ಗೆರೆಯೊಳಗೇ ನಿಂತಿತ್ತು!"