ನನ್ನ ತೂಕ ಎಷ್ಟಿರಬೇಕು? ಗುಂಪಿನ ಪ್ರಶ್ನೆಗಳಿಗೆ ವೈದ್ಯರ ಉತ್ತರ

ಪ್ರಶ್ನೆ: ಡಾಕ್ಟರ್ ಮೇಡಂ, ನನಗೆ 42 ವರ್ಷ, ಎತ್ತರ 158 ಸೆಂ.ಮೀ., ತೂಕ 63 ಕೆ.ಜಿ. ಆಫೀಸಿನ ಆರೋಗ್ಯ ತಪಾಸಣೆಯಲ್ಲಿ ಬಿಎಂಐ 25.2 ಅಂತ ಬರೆದು ಕೆಂಪು ಗೆರೆ ಎಳೆದು ಕೊಟ್ಟರು. ಯಜಮಾನರಿಗೆ 45, ಎತ್ತರ 172, ತೂಕ 68. ಅವರದ್ದು ‘ನಾರ್ಮಲ್’ ಅಂತೆ. ನನ್ನ ಹೊಟ್ಟೆಯ ಸುತ್ತಳತೆ 77 ಸೆಂ.ಮೀ., ಬಿಪಿ, ಸಕ್ಕರೆ, ಕೊಲೆಸ್ಟರಾಲ್ ಎಲ್ಲ ಸರಿಯಿದೆ. ಐದಾರು ವರ್ಷದಿಂದ ತೂಕ ಇಷ್ಟೇ ಇದೆ, ದಿನಾ ನಡೆಯುತ್ತೇನೆ. ಅವರ ಸುತ್ತಳತೆ 94, ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) 6.1. ಎತ್ತರದಲ್ಲಿ ನೂರು ಕಳೆದರೆ ಬರುವುದೇ ಸರಿಯಾದ ತೂಕ ಅಂತಾರೆ, ಆ ಲೆಕ್ಕಕ್ಕೆ ನಾನು 58 ಇರಬೇಕು. ದಯವಿಟ್ಟು ಒಂದು ನಂಬರ್ ಹೇಳಿಬಿಡಿ.

ಉತ್ತರ: ನಂಬರ್ ಒಂದೇ ಸಾಲದು. ನೀವು ಇಷ್ಟು ವಿವರ ಕೊಟ್ಟಿದ್ದರಿಂದಲೇ ಅದು ಯಾಕೆ ಸಾಲದು ಅಂತ ಹೇಳುವುದು ಸುಲಭವಾಗಿದೆ. ನಿಮ್ಮಿಬ್ಬರಲ್ಲಿ ನನಗೆ ಚಿಂತೆ ಇರುವುದು ಯಜಮಾನರ ಬಗ್ಗೆ.

ಬಿಎಂಐ ಅಂದರೆ ಕೆ.ಜಿ.ಯಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸುವುದು. ಈ ಲೆಕ್ಕವನ್ನು 1830ರ ದಶಕದಲ್ಲಿ ಹಾಕಿದವರು ಬೆಲ್ಜಿಯಂನ ಅಡಾಲ್ಫ್ ಕೆಟ್ಲೆ. ಅವರು ವೈದ್ಯರಲ್ಲ, ಸಂಖ್ಯಾಶಾಸ್ತ್ರಜ್ಞರು. ಒಂದು ಜನಸಮೂಹದ ‘ಸರಾಸರಿ ಮನುಷ್ಯ’ ಹೇಗಿರುತ್ತಾನೆ ಅನ್ನುವುದು ಅವರ ಕುತೂಹಲವಾಗಿತ್ತು. 1972ರಲ್ಲಿ ಅಮೆರಿಕದ ವಿಜ್ಞಾನಿ ಆನ್ಸೆಲ್ ಕೀಸ್ ಮತ್ತು ಸಂಗಡಿಗರು ಅದಕ್ಕೆ ಬಾಡಿ ಮಾಸ್ ಇಂಡೆಕ್ಸ್ ಅಂತ ಹೆಸರಿಟ್ಟರು. ಸಾವಿರಾರು ಜನರನ್ನು ಒಟ್ಟಿಗೆ ಅಳೆಯಲು ಇದು ಒಳ್ಳೆಯ ಸಾಧನ. ಒಬ್ಬರನ್ನು ಎದುರಿಗೆ ಕೂರಿಸಿಕೊಂಡು ತೀರ್ಮಾನ ಹೇಳಲು ಮಾತ್ರ ಸಾಕಾಗುವುದಿಲ್ಲ. ಆ ತೂಕದಲ್ಲಿ ಕೊಬ್ಬೆಷ್ಟು, ಸ್ನಾಯುವೆಷ್ಟು, ಕೊಬ್ಬು ಎಲ್ಲಿ ಕೂತಿದೆ, ಯಾವುದೂ ಅದಕ್ಕೆ ಗೊತ್ತಿಲ್ಲ.

ಎಲ್ಲಿ ಕೂತಿದೆ ಅನ್ನುವುದೇ ದೊಡ್ಡ ವಿಷಯ. ತೊಡೆ, ಪೃಷ್ಠದ ಚರ್ಮದಡಿಯ ಕೊಬ್ಬು ಹೆಚ್ಚು ಉಪದ್ರವ ಮಾಡುವುದಿಲ್ಲ. ಹೊಟ್ಟೆಯೊಳಗೆ, ಯಕೃತ್ತು ಕರುಳುಗಳ ಸುತ್ತ ತುಂಬಿಕೊಳ್ಳುವ ಕೊಬ್ಬೇ ಇನ್ಸುಲಿನ್‌ ಕೆಲಸಕ್ಕೆ ಅಡ್ಡಿ ಮಾಡಿ ಸಕ್ಕರೆ, ಬಿಪಿ, ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಒಂದು ಬಗೆಯ ಕೊಬ್ಬು) ಏರಿಸುತ್ತದೆ. ಏಷ್ಯಾ ಮೂಲದವರಲ್ಲಿ, ಅದರಲ್ಲೂ ದಕ್ಷಿಣ ಏಷ್ಯಾದವರಲ್ಲಿ, ಮೈ ತೆಳ್ಳಗಿದ್ದರೂ ಹೊಟ್ಟೆಯೊಳಗೆ ಕೊಬ್ಬು ಸೇರುವುದು ಹೆಚ್ಚು. ಆದ್ದರಿಂದಲೇ ಬಿಎಂಐ 25ರ ಬದಲು 23ರಿಂದಲೇ ಏಷ್ಯಾದವರು ಎಚ್ಚರವಾಗಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2004ರಲ್ಲಿ ಹೇಳಿದ್ದು. ಹೊಟ್ಟೆಯ ಸುತ್ತಳತೆಗೂ ಬೇರೆ ಮಿತಿಯಿದೆ: ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80.

ಈಗ ನಿಮ್ಮ ಅಂಕಿಗಳನ್ನು ನೋಡಿ. ಯಜಮಾನರ ಬಿಎಂಐ 23, ಅಂದರೆ ಎಚ್ಚರಿಕೆಯ ಗೆರೆಯ ಮೇಲೇ ಇದ್ದಾರೆ. ಹೊಟ್ಟೆ ಮಿತಿ ದಾಟಿದೆ. ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕೆಂಬ ಇನ್ನೊಂದು ಲೆಕ್ಕದಲ್ಲೂ ಅವರದ್ದು 86ರ ಒಳಗೆ ಇರಬೇಕಿತ್ತು. ಎಚ್‌ಬಿಎ1ಸಿ 5.7ರಿಂದ 6.4ರವರೆಗೆ ಇದ್ದರೆ ಅದು ಮಧುಮೇಹದ ಹೊಸ್ತಿಲು. ‘ನಾರ್ಮಲ್’ ಅನ್ನುವ ಆ ಚೀಟಿಯನ್ನು ನಂಬಿ ಅವರು ಸುಮ್ಮನೆ ಕೂರಬಾರದು.

ಪಟ್ಟಿಯ ಪ್ರಕಾರ ನಿಮ್ಮ ತೂಕ ಹೆಚ್ಚು, ನಿಜ. ಆದರೆ ಹೊಟ್ಟೆ ಮಿತಿಯೊಳಗಿದೆ, ರಕ್ತ ಸರಿಯಿದೆ, ವರ್ಷಗಟ್ಟಲೆ ತೂಕ ಏರಿಲ್ಲ, ನಡಿಗೆ ತಪ್ಪಿಲ್ಲ. 58ಕ್ಕೆ ಇಳಿಯಲೇಬೇಕು ಅಂತ ಉಪವಾಸ ಬೀಳುವ ಅಗತ್ಯ ನನಗೆ ಕಾಣುವುದಿಲ್ಲ. ತೂಕ ಇಲ್ಲಿಂದ ಮೇಲಕ್ಕೆ ಹೋಗದಂತೆ ನೋಡಿಕೊಳ್ಳಿ, ಸಕ್ಕರೆ ಬಿಪಿ ವರ್ಷಕ್ಕೊಮ್ಮೆ ಪರೀಕ್ಷಿಸಿ. ಇನ್ನು ನೂರು ಕಳೆಯುವ ಲೆಕ್ಕ ಸ್ಥೂಲ ಅಂದಾಜು ಅಷ್ಟೇ. ಬಿಎಂಐ 18.5ರಿಂದ 24.9ರವರೆಗೆ ಸರಿ ಅನ್ನುವ ಪಟ್ಟಿಯನ್ನೇ ಹಿಡಿದರೂ ನಿಮ್ಮ ಎತ್ತರಕ್ಕೆ 46ರಿಂದ 62 ಕೆ.ಜಿ.ವರೆಗೆ ‘ಸರಿ’ಯೇ. ಹದಿನಾರು ಕೆ.ಜಿ.ಗಳ ಅಂತರವಿರುವಾಗ ಒಂದೇ ಅಂಕಿಯನ್ನು ಯಾರು ಹೇಗೆ ಆರಿಸುವುದು?

ಅವರದ್ದೇ ಮರುಪ್ರಶ್ನೆ: ಹಾಗಾದರೆ ಇವರು ಎಷ್ಟು ಇಳಿಸಬೇಕು? ಟೇಪನ್ನು ಹೊಕ್ಕುಳದ ಮೇಲೆ ಹಿಡಿದಿದ್ದೆ, ಸರಿಯೇ?

ಉತ್ತರ: ಪಕ್ಕೆಲುಬಿನ ಕೊನೆ ಮತ್ತು ಸೊಂಟದ ಮೂಳೆಯ ಮೇಲ್ತುದಿ, ಇವೆರಡರ ನಡುಮಧ್ಯದಲ್ಲಿ ಹಿಡಿಯಿರಿ. ಉಸಿರು ಸಹಜವಾಗಿ ಹೊರಬಿಟ್ಟಾಗ ಓದಿ, ಹೊಟ್ಟೆ ಒಳಗೆ ಎಳೆದುಕೊಳ್ಳಲು ಬಿಡಬೇಡಿ. ಅವರಿಗೆ ಕೆ.ಜಿ. ಗುರಿ ಬೇಡ, ಟೇಪಿನ ಗುರಿ ಇರಲಿ. ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಿನ ನಡಿಗೆ, ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ. ಮೂರು ನಾಲ್ಕು ಕೆ.ಜಿ. ಇಳಿದರೂ ಸಕ್ಕರೆಯಲ್ಲಿ ವ್ಯತ್ಯಾಸ ಕಾಣಬಹುದು. ತೂಕ ಇಳಿಯದೆ ಹೊಟ್ಟೆಯಷ್ಟೇ ಕರಗಿದರೂ ನನಗೆ ಸಂತೋಷವೇ. ಈ ವರದಿ ಹಿಡಿದು ನಿಮ್ಮ ವೈದ್ಯರನ್ನು ಒಮ್ಮೆ ಕಾಣಲಿ.

ಪ್ರಶ್ನೆ: ಮೇಡಂ, ನಾನು ಜಿಮ್‌ನಲ್ಲಿ ಭಾರ ಎತ್ತುವವನು. 176 ಸೆಂ.ಮೀ., 86 ಕೆ.ಜಿ., ಸುತ್ತಳತೆ 82. ಬಿಎಂಐ 27.8 ಬರುತ್ತೆ.

ಉತ್ತರ: ಸ್ನಾಯುವಿನ ತೂಕ. ಬಿಪಿ ನೋಡಿಸಿಕೊಂಡಿರಿ, ಬಿಎಂಐ ಮರೆತುಬಿಡಿ.

ಪ್ರಶ್ನೆ: ನನಗೆ 24, ಎತ್ತರ 162, ತೂಕ 46. ಕಳೆದ ವರ್ಷ 55 ಇದ್ದೆ, ಡಯಟ್ ಮಾಡಿ ಇಳಿಸಿದೆ. ಎಲ್ಲರೂ ಹೊಗಳುತ್ತಾರೆ. ಇನ್ನೊಂದೆರಡು ಕೆ.ಜಿ. ಇಳಿಸಬಹುದಾ? ನಾಲ್ಕು ತಿಂಗಳಿಂದ ಮುಟ್ಟಾಗಿಲ್ಲ, ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಉತ್ತರ: ಸಂಬಂಧ ಇರುವ ಸಾಧ್ಯತೆ ತುಂಬಾ ಇದೆಯಮ್ಮ. ದಯವಿಟ್ಟು ಇನ್ನು ಇಳಿಸಬೇಡ. ನಿನ್ನ 55 ಕೆ.ಜಿ.ಯಲ್ಲಿ ಏನೂ ದೋಷವಿರಲಿಲ್ಲ, ಆಗ ಬಿಎಂಐ 21 ಇತ್ತು, ಈಗ 17.5. ತಿನ್ನುವುದು ಸಾಲದಾದಾಗ ದೇಹ ಮೊದಲು ನಿಲ್ಲಿಸುವ ಕೆಲಸಗಳಲ್ಲಿ ಮುಟ್ಟೂ ಒಂದು. ಜೊತೆಗೆ ಈಸ್ಟ್ರೋಜೆನ್ ಅನ್ನುವ ಹೆಣ್ಣು ಹಾರ್ಮೋನು ಇಳಿದು ಮೂಳೆ ಸವೆಯುತ್ತದೆ, ಮೂಳೆ ಗಟ್ಟಿಯಾಗಬೇಕಾದ ನಿನ್ನ ವಯಸ್ಸಿನಲ್ಲೇ. ಗರ್ಭ, ಥೈರಾಯ್ಡ್ ಮುಂತಾದ ಬೇರೆ ಕಾರಣಗಳನ್ನೂ ನೋಡಬೇಕು, ಹಾಗಾಗಿ ಈ ವಾರವೇ ಸ್ತ್ರೀರೋಗ ತಜ್ಞರನ್ನು ಕಾಣು. ಊಟದ ಹೊತ್ತಿಗೆ ಭಯ ಅನಿಸುತ್ತಿದ್ದರೆ, ದಿನಕ್ಕೆ ಹಲವು ಸಲ ತೂಕ ನೋಡುವಂತಾಗಿದ್ದರೆ ಅದನ್ನೂ ಅವರಿಗೆ ಮುಚ್ಚಿಡದೆ ಹೇಳು. ಅದಕ್ಕೆ ಚಿಕಿತ್ಸೆ ಇದೆ. ಹೊಗಳುವವರಿಗೆ ನಿನ್ನ ಮುಟ್ಟು ನಿಂತದ್ದು ಗೊತ್ತಿಲ್ಲ.

ಪ್ರಶ್ನೆ: ಅಮ್ಮನಿಗೆ 71 ವರ್ಷ. ವರ್ಷದ ಹಿಂದೆ 61 ಕೆ.ಜಿ. ಇದ್ದರು, ಈಗ 56. ಅವರು ಏನೂ ಪ್ರಯತ್ನ ಮಾಡಿಲ್ಲ. ಮಂಡಿನೋವಿಗೆ ಒಳ್ಳೆಯದಾಯಿತು ಅಂತ ಮನೆಯಲ್ಲಿ ಎಲ್ಲರಿಗೂ ಖುಷಿ.

ಉತ್ತರ: ಈ ಖುಷಿಗೆ ತಡೆ ಹಾಕಬೇಕಾಗಿದೆ, ಕ್ಷಮಿಸಿ. ಆರರಿಂದ ಹನ್ನೆರಡು ತಿಂಗಳಲ್ಲಿ ಪ್ರಯತ್ನವಿಲ್ಲದೆ ಶೇ. 5ಕ್ಕಿಂತ ಹೆಚ್ಚು ತೂಕ ಇಳಿದರೆ ಕಾರಣ ಹುಡುಕಲೇಬೇಕು. ಅಮ್ಮನದ್ದು ಶೇ. 8 ಇಳಿದಿದೆ. ಥೈರಾಯ್ಡ್, ಸಕ್ಕರೆ, ಹಲ್ಲಿನ ತೊಂದರೆ, ನುಂಗಲು ಕಷ್ಟ, ಯಾವುದಾದರೂ ಮಾತ್ರೆಯಿಂದ ಹಸಿವು ಸತ್ತಿರುವುದು, ಮನಸ್ಸಿನ ಕುಗ್ಗು, ಕ್ಯಾನ್ಸರ್‌, ಎಲ್ಲವನ್ನೂ ಪರೀಕ್ಷಿಸಬೇಕು. ಹೆದರಿಸಲು ಹೇಳುತ್ತಿಲ್ಲ. ಎಷ್ಟೋ ಸಲ ಸುಲಭವಾಗಿ ಸರಿಪಡಿಸಬಹುದಾದ ಕಾರಣವೇ ಸಿಗುತ್ತದೆ.

ವಯಸ್ಸಾದವರಿಗೆ ಯುವಕರ ಪಟ್ಟಿ ಹಾಕುವುದು ನನಗೆ ಒಪ್ಪಿಗೆಯಿಲ್ಲ. ಆ ವಯಸ್ಸಿನಲ್ಲಿ ತುಸು ಹೆಚ್ಚು ತೂಕಕ್ಕಿಂತ ಸ್ನಾಯು ಕರಗುವುದೇ ಅಪಾಯ, ಬೀಳುವುದಕ್ಕೂ ಮೂಳೆ ಮುರಿಯುವುದಕ್ಕೂ ಅದೇ ದಾರಿ. ಕೈ ಊರದೆ ಕುರ್ಚಿಯಿಂದ ಏಳುತ್ತಾರಾ ನೋಡಿ. ತೂಕದ ಯಂತ್ರ ಹೇಳದ್ದನ್ನು ಅದು ಹೇಳುತ್ತದೆ. ಮತ್ತೆ, ಇಳಿಯುವುದರ ಬದಲು ನಾಲ್ಕೈದು ದಿನದಲ್ಲೇ ಎರಡು ಮೂರು ಕೆ.ಜಿ. ಏರಿ ಕಾಲು ಊದಿದರೆ ಅದು ಕೊಬ್ಬಲ್ಲ, ನೀರು. ಹೃದಯ, ಮೂತ್ರಪಿಂಡ ತಕ್ಷಣ ಪರೀಕ್ಷಿಸಬೇಕು.

ಪ್ರಶ್ನೆ: ನನ್ನ ಮಗಳಿಗೆ 11 ವರ್ಷ, ಬಿಎಂಐ 19. ಇದು ಸರಿಯೇ?

ಉತ್ತರ: ದೊಡ್ಡವರ ಪಟ್ಟಿ ಮಕ್ಕಳಿಗೆ ಸಲ್ಲದು. ವಯಸ್ಸು, ಹೆಣ್ಣೋ ಗಂಡೋ ಅನ್ನುವುದರ ಮೇಲೆ ಬೆಳವಣಿಗೆಯ ನಕ್ಷೆ ಇರುತ್ತದೆ. 5ರಿಂದ 19 ವರ್ಷದವರಿಗೆ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ್ದಿದೆ. ಒಂದು ದಿನದ ಅಂಕಿಗಿಂತ ಹಿಂದಿನ ವರ್ಷಗಳ ಗೆರೆ ಹೇಗೆ ಸಾಗಿದೆ ಅನ್ನುವುದು ಮುಖ್ಯ, ಮಕ್ಕಳ ವೈದ್ಯರ ಬಳಿ ಗುರುತು ಹಾಕಿಸಿ. ಮೈನೆರೆಯುವ ಮುಂಚೆ ತುಸು ತುಂಬಿಕೊಂಡು ಆಮೇಲೆ ಎತ್ತರ ಹಾಯುವ ಹುಡುಗಿಯರು ಬಹಳ. ಅಲ್ಲಿಯವರೆಗೆ ಅವಳಿಗೆ ಡಯಟ್ ಹಾಕಬೇಡಿ, ಅವಳ ಎದುರು ಅವಳ ತೂಕದ ಮಾತೂ ಬೇಡ.