28ನೇ ದಿನದ ರೆಟಿನಾದಲ್ಲಿ ರೊಡಾಪ್ಸಿನ್ ಪೀಕ್ ಪೂರ್ತಿ ಮಾಯ: ಕಟ್ ಅಂಡ್ ರನ್ ನಾಲ್ಕನೇ ಸಲ ಕೆಟ್ಟಿದೆ

ಕಣ್ರೆಪ್ಪೆ:
ಕೈಸೋತು ಕೇಳ್ತಿದ್ದೀನಿ. ಕಟ್ ಅಂಡ್ ರನ್ ಅಂದ್ರೆ ಆಂಟಿಬಾಡಿ ಅಂಟಿದ ಕಡೆ ಮಾತ್ರ ಎಂನೇಸ್ ಕಿಣ್ವದಿಂದ ಡಿಎನ್‌ಎ ಕತ್ತರಿಸಿ ಓದುವ ವಿಧಾನ. ಇಲಿ ರೆಟಿನಾ, ಎಚ್3ಕೆ4ಎಂಇ3 (ಸಕ್ರಿಯ ಜೀನ್‌ಗಳ ಹಿಸ್ಟೋನ್ ಗುರುತು) ಆಂಟಿಬಾಡಿ. 7ನೇ ದಿನದ ಮರಿಗಳಲ್ಲಿ ರೊಡಾಪ್ಸಿನ್ (ರಾಡ್ ಎಂಬ ಬೆಳಕು ಗ್ರಹಿಸುವ ಕೋಶಗಳ ಪ್ರೋಟೀನ್) ಜೀನಿನ ಪ್ರೊಮೋಟರ್ ಮೇಲೆ ಚಿಕ್ಕದಾದರೂ ಪೀಕ್ ಇದೆ. 28ನೇ ದಿನಕ್ಕೆ ಅದು ಬೆಟ್ಟದ ಹಾಗೆ ಏಳಬೇಕಿತ್ತು, ನೆಲಸಮವಾಗಿದೆ. ಇಝೆಡ್‌ಎಚ್2 ನಾಕೌಟ್‌ನಲ್ಲಿ (ಜೀನ್ ಅಡಗಿಸುವ 27ಎಂಇ3 ಗುರುತು ಹಾಕುವ ಕಿಣ್ವದ ಜೀನ್ ತೆಗೆದ ಇಲಿ) ಮಾತ್ರ ಹೀಗಾಗಿದ್ದರೆ ಅದನ್ನೇ ಫಲಿತಾಂಶ ಅಂದುಕೊಳ್ಳಬಹುದಿತ್ತು, ಆದರೆ ಕಂಟ್ರೋಲ್‌ನಲ್ಲೂ ಇದೇ ಕಥೆ. ಪ್ರೋಟೋಕಾಲ್ ಎಲ್ಲ ಮಾಮೂಲಿ. ಮೂರು ತಿಂಗಳು ಹೋಯ್ತು.

ಬಸವ_ಬೆಂಚ್:
ಮಾಮೂಲಿ ಅಂದ್ರೆ? ಪೊರೆ ತೂತು ಮಾಡೋ ಡಿಜಿಟೋನಿನ್ ಎಷ್ಟು ಹಾಕಿದ್ರಿ? ಎಂನೇಸ್ ಚುರುಕಾಗೋಕೆ ಕ್ಯಾಲ್ಸಿಯಂ ಹಾಕಿದ ಮೇಲೆ ಐಸ್ ಮೇಲೆ ಎಷ್ಟು ಹೊತ್ತು ಇಟ್ರಿ? ನನ್ನ ಅನುಮಾನ ನ್ಯೂಕ್ಲಿಯಸ್ ಹಿಡಿಯೋ ಕಾನ್-ಎ ಬೀಡ್ಸ್ ಮೇಲೆ. ರೊಡಾಪ್ಸಿನ್‌ನ 2 ಮತ್ತು 15ನೇ ಆಸ್ಪರಜಿನ್‌ಗಳಿಗೆ ಸಕ್ಕರೆಯ ಸರಪಳಿ ಅಂಟಿರುತ್ತೆ, ಕಾನ್-ಎ ಹಿಡಿಯೋದೇ ಅಂಥ ಸಕ್ಕರೆಯನ್ನ. ಬೆಳೆದ ರೆಟಿನಾದ ಔಟರ್ ಸೆಗ್ಮೆಂಟ್ (ರಾಡ್‌ನ ರೊಡಾಪ್ಸಿನ್ ತುಂಬಿದ ತುದಿ) ಚೂರುಗಳೇ ಬೀಡ್ಸ್ ತುಂಬಿಕೊಂಡ್ರೆ ನ್ಯೂಕ್ಲಿಯಸ್‌ಗೆ ಜಾಗ ಎಲ್ಲಿ? ಕಸ ಬೇರ್ಪಡೋಕೆ ಸುಕ್ರೋಸ್ ಕುಶನ್ (ದಟ್ಟ ಸಕ್ಕರೆ ನೀರಿನ ಪದರ) ಮೇಲೆ ಹಾಕಿ ತಿರುಗಿಸಿ.

ಕಣ್ರೆಪ್ಪೆ:
ಬಸವ ಸರ್, ಕುಶನ್ ಹಾಕಿ ನೋಡಿದೆ. ಅದೇ ಹಾಡು. ಕಸವೂ ಅಷ್ಟೇನೂ ಕಾಣಲಿಲ್ಲ.

ಬಸವ_ಬೆಂಚ್:
ಹಾಗಾದ್ರೆ ಬೀಡ್ಸ್ ಹಳೇದಿರಬೇಕು. ಹೊಸ ಲಾಟ್ ತರಿಸಿ.

ಚಿಪ್_ಪಕ್ಷ:
ಬೀಡ್ಸ್ ಬಿಡಿ. ಇಲಿಯ ರಾಡ್ ನ್ಯೂಕ್ಲಿಯಸ್ಸೇ ಒಳಹೊರಗು: ಹೆಟೆರೋಕ್ರೊಮ್ಯಾಟಿನ್ (ಮುದುಡಿದ, ನಿಷ್ಕ್ರಿಯ ಡಿಎನ್‌ಎ) ನಡುವೆ, ಸಕ್ರಿಯ ಕ್ರೊಮ್ಯಾಟಿನ್ ಅಂಚಿನಲ್ಲಿ. 2009ರಿಂದ ಗೊತ್ತಿರುವ ವಿಷಯ. ಇಂಥದ್ದಕ್ಕೆ ಎಂನೇಸ್ ನಂಬಬೇಡಿ, ಫಾರ್ಮಾಲ್ಡಿಹೈಡ್ ಹಾಕಿ ಚಿಪ್ (ಆಂಟಿಬಾಡಿಯಿಂದ ಕ್ರೊಮ್ಯಾಟಿನ್ ಹಿಡಿದು ಎಳೆಯೋ ವಿಧಾನ) ಮಾಡಿ.

ಬಸವ_ಬೆಂಚ್:
ಸಕ್ರಿಯ ಭಾಗ ಅಂಚಿನಲ್ಲಿದ್ರೆ ಎಂನೇಸ್‌ಗೆ ಇನ್ನೂ ಸುಲಭ ಅಲ್ವಾ? ನಿಮ್ಮ ಚಿಪ್‌ಗೆ ಬೇಕಾಗೋ ಅಷ್ಟು ಕೋಶ ಎಲ್ಲಿಂದ ತರೋದು?

ಚಿಪ್_ಪಕ್ಷ:
ನಾವು ಎನ್‌ಆರ್‌ಎಲ್-ಜಿಎಫ್‌ಪಿ ಇಲಿಗಳಿಂದ (ಇವುಗಳ ರಾಡ್‌ಗಳು ಹಸಿರಾಗಿ ಹೊಳೀತವೆ) ರಾಡ್‌ಗಳನ್ನ ಸಾರ್ಟ್ ಮಾಡೇ ಚಿಪ್ ಮಾಡ್ತೀವಿ. ಹೋದ ವಾರದ ಟ್ರ್ಯಾಕ್ ನೋಡಿದ್ರೆ ನೀವೂ ಒಪ್ತಿದ್ರಿ, ಹಿನ್ನೆಲೆ ಗಲೀಜು ಒಂಚೂರೂ ಇಲ್ಲ.

ಮುಂಗುಸಿ:
ಇಬ್ಬರೂ ಸ್ವಲ್ಪ ನಿಲ್ಲಿ. ಬೀಡ್ಸೋ ಎಂನೇಸೋ ಕೈಕೊಟ್ಟಿದ್ರೆ ಎಲ್ಲ ಜೀನ್‌ಗಳ ಪೀಕೂ ಬೀಳಬೇಕಿತ್ತು. ಕಣ್ರೆಪ್ಪೆ ಅವರೇ, ಒಳಪದರದ ಕೋಶಗಳ ಜೀನ್ ಪ್ಯಾಕ್ಸ್6 ಹೇಗಿದೆ? ಬಣ್ಣ ಗ್ರಹಿಸುವ ಕೋನ್ ಕೋಶಗಳ ಆಪ್ಸಿನ್? ಒಂದು ರೆಟಿನಾಕ್ಕೆ ಎಷ್ಟು ನ್ಯೂಕ್ಲಿಯಸ್ ಸಿಗ್ತಿದೆ? ಡಿಎನ್‌ಎಗೆ ಬಣ್ಣ ಹಚ್ಚೋ ಡ್ಯಾಪಿ ಹಾಕಿ ನೋಡಿದ್ರಾ?

ಕಣ್ರೆಪ್ಪೆ:
ಪ್ಯಾಕ್ಸ್6 ಚೆನ್ನಾಗಿದೆ. ಕೋನ್ ಆಪ್ಸಿನ್‌ಗಳೂ ಇವೆ. ಎಣಿಕೆ 10 ಲಕ್ಷ ದಾಟಲ್ಲ, ತೊಳೆಯುವಾಗ ಹೋಗುತ್ತೆ ಅಂದುಕೊಂಡೆ. ಡ್ಯಾಪಿಯಲ್ಲಿ ನ್ಯೂಕ್ಲಿಯಸ್‌ಗಳು ಒಡೆದಿಲ್ಲ, ಹೆಚ್ಚಿನವುಗಳಲ್ಲಿ ಐದಾರು ಚುಕ್ಕೆ.

ಮುಂಗುಸಿ:
ಅಲ್ಲೇ ಇದೆ ನೋಡಿ ಉತ್ತರ. ಆರೋಗ್ಯದ ಇಲಿಯ ಒಂದು ರೆಟಿನಾದಲ್ಲಿ ರಾಡ್‌ಗಳೇ 60 ಲಕ್ಷದಷ್ಟಿರುತ್ತವೆ. 28ನೇ ದಿನಕ್ಕೆ ಪ್ರತಿ ರಾಡ್ ನ್ಯೂಕ್ಲಿಯಸ್ಸಿನ ನಡುವೆ ಹೆಟೆರೋಕ್ರೊಮ್ಯಾಟಿನ್ನಿನ ಒಂದೋ ಎರಡೋ ದೊಡ್ಡ ಚುಕ್ಕೆ ಕಾಣಬೇಕು. ಐದಾರು ಚುಕ್ಕೆ ಇದ್ರೆ ಅದು ರಾಡ್ ಅಲ್ಲ, ಒಳಪದರದ ಕೋಶ. ರಾಡೇ ಇಲ್ಲದಿದ್ದರೆ ರೊಡಾಪ್ಸಿನ್ ಪೀಕ್ ಎಲ್ಲಿಂದ ಬರಬೇಕು? ಬಸವ ಹೇಳಿದ ಔಟರ್ ಸೆಗ್ಮೆಂಟ್ ಕಸ ಕಾಣದಿದ್ದದ್ದೂ ಅದಕ್ಕೇ. ಯಾವ ಸ್ಟ್ರೈನ್ ಇಲಿ?

ಕಣ್ರೆಪ್ಪೆ:
ಬಿಳಿ ಇಲಿ, ಎಫ್‌ವಿಬಿ ಹಿನ್ನೆಲೆ. ಅದನ್ನ ಬರೆಯೋದು ಮುಖ್ಯ ಅನ್ನಿಸಲಿಲ್ಲ.

ಮುಂಗುಸಿ:
ಅದೇ ಮುಖ್ಯ. ಎಫ್‌ವಿಬಿಯಲ್ಲಿ ರಾಡ್ ಬದುಕೋಕೆ ಬೇಕಾದ ಪಿಡಿಇ6ಬಿ ಜೀನ್ ಕೆಟ್ಟಿರುತ್ತೆ, ಆರ್‌ಡಿ1 ಅಂತಾರಲ್ಲ ಅದು. ಸಿ3ಎಚ್‌ನಲ್ಲೂ ಇದೆ. ಎರಡನೇ ವಾರದಲ್ಲಿ ರಾಡ್ ಸಾಯೋಕೆ ಶುರು, 21ನೇ ದಿನಕ್ಕೆ ಹೆಚ್ಚುಕಡಿಮೆ ಖಾಲಿ. ಕೋನ್‌ಗಳು ಇನ್ನೂ ಸ್ವಲ್ಪ ಕಾಲ ಉಳೀತವೆ. 7ನೇ ದಿನ ಎಲ್ಲ ಸರಿ ಕಂಡದ್ದು ಅದಕ್ಕೇ. ಇದು ರಿಸೆಸಿವ್ (ಜೀನಿನ ಎರಡೂ ಪ್ರತಿ ಕೆಟ್ಟಿದ್ರೆ ಮಾತ್ರ ರೋಗ), ಹಾಗಾಗಿ ಪ್ರತಿ ಮರಿಯ ಜೀನೋಟೈಪ್ ನೋಡಲೇಬೇಕು.

ಬಸವ_ಬೆಂಚ್:
ಆದ್ರೂ ಬೀಡ್ಸ್ ಒಮ್ಮೆ ಪರೀಕ್ಷಿಸಿ.

ಕಣ್ರೆಪ್ಪೆ:
ಪಿಸಿಆರ್ ಬಂತು. ನಾಕೌಟ್, ಕಂಟ್ರೋಲ್ ಎಲ್ಲವೂ ಆರ್‌ಡಿ1 ಹೋಮೋಜೈಗಸ್. ಸೆಕ್ಷನ್‌ನಲ್ಲಿ ಹೊರ ನ್ಯೂಕ್ಲಿಯರ್ ಪದರ ಒಂದೇ ಸಾಲು. ನಾಕೌಟ್‌ನಲ್ಲಿ 27ಎಂಇ3 ಬಗ್ಗೆ 28ನೇ ದಿನಕ್ಕೆ ಬರೆದಿಟ್ಟದ್ದನ್ನೆಲ್ಲ ಪಕ್ಕಕ್ಕಿಡಬೇಕು. ತುಂಬ ಬೇಜಾರಾಗಿದೆ.

ಮುಂಗುಸಿ:
ಪಕ್ಕಕ್ಕಿಡಿ, ಅಳಿಸಬೇಡಿ. ಆರ್‌ಡಿ1ರಲ್ಲಿ ಸಾಯುವ ರಾಡ್‌ಗಳಲ್ಲಿ 27ಎಂಇ3 ಏರುತ್ತೆ, ಅದನ್ನ ತಡೆದ್ರೆ ಸಾವು ನಿಧಾನವಾಗುತ್ತೆ ಅಂತ 2018ರಲ್ಲೇ ವರದಿಯಾಗಿದೆ. ನಿಮ್ಮ ಇಝೆಡ್‌ಎಚ್2 ನಾಕೌಟ್‌ನಲ್ಲಿ 10ರಿಂದ 14ನೇ ದಿನದ ಮರಿ ತೆಗೆದು ರಾಡ್ ಎಣಿಸಿ ನೋಡಿ.

ಕಣ್ರೆಪ್ಪೆ:
ಕಂಟ್ರೋಲ್‌ಗೆ ಸಿ57 ಬ್ಲ್ಯಾಕ್6ಗೆ ಕ್ರಾಸ್ ಮಾಡ್ತೀನಿ.

ಚಿಪ್_ಪಕ್ಷ:
6ಜೆ ತಗೊಳ್ಳಿ, 6ಎನ್ ಬೇಡ. 6ಎನ್‌ನಲ್ಲಿ ಸಿಆರ್‌ಬಿ1 ಕೆಟ್ಟಿರುತ್ತೆ, ಆರ್‌ಡಿ8 ಅಂತಾರೆ, ಅದೂ ರೆಟಿನಾ ಕೆಡಿಸುತ್ತೆ. ನಿಮ್ಮ ಫ್ಲಾಕ್ಸ್ ಇಲಿ (ಇಝೆಡ್‌ಎಚ್2 ತೆಗೆಯೋಕೆ ಗುರುತು ಹಾಕಿದ್ದು) ಯಾವ ಇಎಸ್ (ಭ್ರೂಣದ ಕಾಂಡ) ಕೋಶದಿಂದ ಬಂದದ್ದು? 6ಎನ್ ಆಗಿದ್ರೆ ಆರ್‌ಡಿ8 ಅಲ್ಲಿಂದಲೂ ಬರಬಹುದು.